ದೆಹಲಿ ಚಳಿಗೆ ಹೊರಟೋರು ಮಿನಿಮಮ್ ಬಿಟ್ಟು ಮ್ಯಾಕ್ಸಿಮಮ್ ನೋಡಿ

ಡಿಸೆಂಬರ್ ಕೊನೆ, ಜನವರಿ ಬಂತು ಅಂದ್ರೆ ನಮ್ಮ ಕಡೆಯಿಂದ ದೆಹಲಿಗೆ ಹೋಗೋರು ಜಾಸ್ತಿ. ಮಕ್ಕಳಿಗೆ ರಜ ಅಂತ ಕೆಲವರು, ಮದುವೆ, ಇಂಟರ್‌ವ್ಯೂ, ಗಣರಾಜ್ಯೋತ್ಸವದ ಪರೇಡ್ ಅಂತ ಇನ್ನು ಕೆಲವರು, ಆಗ್ರಾ ಹೇಗೂ ಜೊತೆಗೆ ಸೇರ್ಕೊಳತ್ತೆ. ಹೊರಡೋ ಮುಂಚೆ ಎಲ್ಲರೂ ಮಾಡೋದು ಒಂದೇ, ಫೋನ್ ತೆಗೆದು ಅಲ್ಲಿ ಮಿನಿಮಮ್ ಟೆಂಪರೇಚರ್ ಎಷ್ಟಿದೆ ಅಂತ ನೋಡೋದು. 5 ಡಿಗ್ರಿ ಅಂತ ಕಂಡ್ರೆ ಹೌಹಾರ್ತಾರೆ, 10 ಅಂತ ಇದ್ರೆ ಪರವಾಗಿಲ್ಲ ಬಿಡಿ, ನಮ್ಮ ಬೀದರ್, ವಿಜಯಪುರದಲ್ಲೂ ಚಳಿಗಾಲದಲ್ಲಿ ಅಷ್ಟಿರತ್ತೆ ಅಂತ ಒಂದು ಸ್ವೆಟರ್ ಕಮ್ಮಿ ಇಟ್ಕೋತಾರೆ. ಈ ಲೆಕ್ಕ ತಲೆಕೆಳಗು. ದೆಹಲಿಯಲ್ಲಿ ಹೊರಗಿಂದ ಬಂದೋರನ್ನ ನಿಜವಾಗ್ಲೂ ಹಣ್ಣು ಮಾಡೋ ಚಳಿ ಬಹಳ ಸಲ ಬರೋದು ಮಿನಿಮಮ್ 8, 9 ಇರೋ ದಿನಗಳಲ್ಲೇ, ಯಾಕಂದ್ರೆ ಅವತ್ತು ಮ್ಯಾಕ್ಸಿಮಮ್ಮೂ 14ರ ಮೇಲೆ ಏಳಲ್ಲ.

ಇದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಜನವರಿಯಲ್ಲಿ ದೆಹಲಿಯ ಸರಾಸರಿ ಮಿನಿಮಮ್ 7-8 ಡಿಗ್ರಿ, ಮ್ಯಾಕ್ಸಿಮಮ್ 20ರ ಆಸುಪಾಸು. ಆಕಾಶ ಶುಭ್ರವಾಗಿದ್ದ ರಾತ್ರಿ ನೆಲ ಹಗಲೆಲ್ಲ ಹೀರಿಕೊಂಡ ಶಾಖವನ್ನ ಕಣ್ಣಿಗೆ ಕಾಣದ ಅತಿಗೆಂಪು ಕಿರಣವಾಗಿ ಮೇಲಕ್ಕೆ ಬಿಟ್ಬಿಡತ್ತೆ, ಅದನ್ನ ತಡೆದು ವಾಪಸ್ ಕಳಿಸೋಕೆ ಮೋಡ ಇಲ್ಲ, ಗಾಳಿಯಲ್ಲಿ ನೀರಾವಿನೂ ಕಮ್ಮಿ, ಹಾಗಾಗಿ ಬೆಳಗಿನ ಜಾವಕ್ಕೆ ಟೆಂಪರೇಚರ್ 4-5ಕ್ಕೆ ಇಳಿಯತ್ತೆ. ಆದ್ರೆ ಅದೇ ಶುಭ್ರ ಆಕಾಶದಿಂದ ಬೆಳಗ್ಗೆ ಬಿಸಿಲೂ ಸಲೀಸಾಗಿ ಬರತ್ತೆ ನೋಡಿ, 11 ಗಂಟೆ ಹೊತ್ತಿಗೆ ಲೋಧಿ ಗಾರ್ಡನ್ ಹುಲ್ಲಿನ ಮೇಲೆ ಜನ ಸ್ವೆಟರ್ ಬಿಚ್ಚಿಟ್ಟು ಕಡಲೆಕಾಯಿ ಸುಲೀತಾ ಕೂತಿರ್ತಾರೆ. ಬೀದರ್ ಚಳಿ ಗೊತ್ತಿರೋರಿಗೆ ಈ ದಿನ ಏನೂ ಕಷ್ಟ ಆಗಲ್ಲ, ಅವರಿಗೆ ಪರಿಚಯ ಇರೋ ಚಳಿಯೇ ಇದು, ಬೆಳಗ್ಗೆ ಕೊರೆಯತ್ತೆ, ಮಧ್ಯಾಹ್ನ ಬಿಡತ್ತೆ.

ಪರಿಚಯ ಇಲ್ಲದ್ದು ಮಂಜಿನ ದಿನ. ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದ ಉದ್ದಕ್ಕೂ ಆ ಹೊತ್ತಲ್ಲಿ ಗೋಧಿ, ಸಾಸಿವೆ ಬೆಳೆ ನಿಂತಿರತ್ತೆ, ಹೊಲಕ್ಕೆ ನೀರು ಕಟ್ಟಿರ್ತಾರೆ, ನೆಲ ಒದ್ದೆ. ಗಾಳಿ ಅಲ್ಲಾಡದ ರಾತ್ರಿ ನೆಲದ ಪಕ್ಕದ ಗಾಳಿ ತಣ್ಣಗಾಗ್ತಾ ಆಗ್ತಾ ತನ್ನಲ್ಲಿರೋ ನೀರಾವಿಯನ್ನ ಹಿಡಿದಿಟ್ಕೊಳ್ಳೋಕೆ ಆಗದೆ ಸಣ್ಣ ಸಣ್ಣ ಹನಿಯಾಗಿ ಬಿಡತ್ತೆ, ಹೊಗೆ ಧೂಳಿನ ಕಣಗಳು ಜಾಸ್ತಿ ಇರೋದ್ರಿಂದ ಹನಿ ಕಟ್ಟೋಕೆ ಬೇಕಾದಷ್ಟು ಆಸರೆನೂ ಸಿಗತ್ತೆ. ಹೀಗೆ ಕಟ್ಟಿದ ಮಂಜು ಒಂದೂರಿಗೆ ಸೇರಿದ್ದಲ್ಲ, ಉಪಗ್ರಹದ ಚಿತ್ರದಲ್ಲಿ ಪಾಕಿಸ್ತಾನದ ಪಂಜಾಬಿನಿಂದ ಬಿಹಾರದವರೆಗೂ ಒಂದೇ ಬಿಳಿ ಪಟ್ಟಿ ಕಾಣ್ಸತ್ತೆ. ಸೂರ್ಯ ಬಂದ್ರೆ ಕರಗಬೇಕಲ್ಲ ಅಂತೀರಾ? ಡಿಸೆಂಬರ್ ಕೊನೆಯಲ್ಲಿ ದೆಹಲಿಯ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ ಬರೀ 38 ಡಿಗ್ರಿ ಎತ್ತರದಲ್ಲಿರ್ತಾನೆ, ಬೆಂಗಳೂರಲ್ಲಿ ಅದೇ ಹೊತ್ತಿಗೆ 53ರ ಮೇಲೆ. ಓರೆಯಾಗಿ ಬರೋ ಆ ಬಿಸಿಲಿನಲ್ಲಿ ದೊಡ್ಡ ಪಾಲನ್ನ ಮಂಜಿನ ಬಿಳಿ ಮೇಲ್ಮೈ ವಾಪಸ್ ಕಳಿಸಿಬಿಡತ್ತೆ, ಉಳಿದಿದ್ದರಲ್ಲಿ ಮಂಜು ಪೂರ್ತಿ ಕರಗಲ್ಲ, ನೆಲದಿಂದ ಒಂದಿಷ್ಟು ಮೇಲೆದ್ದು ತಗ್ಗು ಮೋಡವಾಗಿ ನಿಂತ್ಕೊಳತ್ತೆ. ರಸ್ತೆ ಕಾಣ್ಸತ್ತೆ, ಬಿಸಿಲು ಮಾತ್ರ ಇಲ್ಲ. ಇಡೀ ದಿನ 10ರಿಂದ 14ರ ನಡುವೆ ಅಲ್ಲೇ ಅಲ್ಲೇ ಓಡಾಡತ್ತೆ, ದೇಹಕ್ಕೆ ಕಾಯಿಸ್ಕೊಳ್ಳೋ ಅವಕಾಶ ಒಂದು ಗಂಟೆನೂ ಸಿಗಲ್ಲ.

2019ರ ಡಿಸೆಂಬರ್‌ನಲ್ಲಿ ಇದೇ ಆಯ್ತು, ದಿನಗಟ್ಟಲೆ ಆ ತಗ್ಗು ಮೋಡ ಬಿಡಲೇ ಇಲ್ಲ, ಡಿಸೆಂಬರ್ 30ರಂದು ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ಹಗಲಿನ ಮ್ಯಾಕ್ಸಿಮಮ್ 9.4 ಡಿಗ್ರಿ. ಇದನ್ನ ಹೀಗೆ ಯೋಚನೆ ಮಾಡಿ, ಬೆಂಗಳೂರಿನ ದಾಖಲೆಯಲ್ಲಿರೋ ಅತಿ ಚಳಿಯ ಬೆಳಗಿನ ಜಾವ ಅಂದ್ರೆ 1884ರ ಜನವರಿ 13ರದ್ದು, 7.8 ಡಿಗ್ರಿ. ದೆಹಲಿಯವರು ಹೆಚ್ಚು ಕಮ್ಮಿ ಅದನ್ನ ಹಟ್ಟ ಹಗಲಲ್ಲಿ ಅನುಭವಿಸಿದ್ರು. ಹವಾಮಾನ ಇಲಾಖೆನೂ ಇವೆರಡನ್ನ ಬೇರೆ ಬೇರೆಯಾಗೇ ನೋಡತ್ತೆ, ರಾತ್ರಿ ಟೆಂಪರೇಚರ್ ತೀರಾ ಕುಸಿದ್ರೆ ಅದು ಕೋಲ್ಡ್ ವೇವ್, ಮಿನಿಮಮ್ 10 ಅಥವಾ ಅದಕ್ಕಿಂತ ಕೆಳಗಿದ್ದು ಹಗಲಿನ ಮ್ಯಾಕ್ಸಿಮಮ್ ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಬಿದ್ರೆ ಅದು ಕೋಲ್ಡ್ ಡೇ. ಸುತ್ತಾಡೋಕೆ ಹೋಗೋರಿಗೆ ಎರಡನೇದೇ ಮುಖ್ಯ. ಫೋರ್‌ಕಾಸ್ಟ್‌ನಲ್ಲಿ ಕೋಲ್ಡ್ ಡೇ ಅನ್ನೋ ಪದ ಕಂಡ್ರೆ ಸೂಟ್‌ಕೇಸ್‌ಗೆ ಇನ್ನೊಂದು ಉಣ್ಣೆ ಬಟ್ಟೆ ಹಾಕಿ.

ಇನ್ನೊಂದು ಗಮನಿಸಬೇಕಾದ್ದು ವೆಸ್ಟರ್ನ್ ಡಿಸ್ಟರ್ಬೆನ್ಸ್. ಮೆಡಿಟರೇನಿಯನ್ ಕಡೆ ಹುಟ್ಟಿ, ಮೇಲಿನ ಪಶ್ಚಿಮ ಗಾಳಿಯ ಜೊತೆ ಇರಾನ್, ಅಫ್ಘಾನಿಸ್ತಾನ ದಾಟಿ ಬರೋ ವಾಯುಭಾರದ ಅಲೆ ಇದು, ಕಾಶ್ಮೀರ ಹಿಮಾಚಲದಲ್ಲಿ ಹಿಮ ಬೀಳೋದು, ದೆಹಲಿಯಲ್ಲಿ ಜನವರಿ ಮಳೆ ಬರೋದು ಇದರಿಂದಲೇ. ಇದು ಹತ್ರ ಬರ್ತಿರೋವಾಗ ಮೋಡ ಕವಿದು ರಾತ್ರಿಗಳು ಸ್ವಲ್ಪ ಬೆಚ್ಚಗಾಗ್ತವೆ, ಓ ಚಳಿ ಹೋಯ್ತು ಅನ್ಸತ್ತೆ, ಅಲೆ ದಾಟಿ ಹೋದ ಮೇಲೆ ಹಿಮ ಬಿದ್ದ ಬೆಟ್ಟಗಳ ಕಡೆಯಿಂದ ವಾಯವ್ಯದ ಒಣ ತಣ್ಣನೆ ಗಾಳಿ ಬೀಸೋಕೆ ಶುರುವಾಗತ್ತೆ, ಒಂದೆರಡು ದಿನದಲ್ಲಿ ಟೆಂಪರೇಚರ್ ದಬಕ್ ಅಂತ ಬೀಳತ್ತೆ. ಅಥವಾ ಗಾಳಿ ನಿಂತೋದ್ರೆ ಮಳೆಯ ತೇವಕ್ಕೆ ದಟ್ಟ ಮಂಜು. ಹಾಗಾಗಿ ಹೊರಡೋ ಹಿಂದಿನ ದಿನ ಶಿಮ್ಲಾ, ಮನಾಲಿಯಲ್ಲಿ ಜೋರು ಹಿಮಪಾತ ಅಂತ ನ್ಯೂಸ್ ಬಂದ್ರೆ ಅದು ನಿಮಗೂ ಸಂಬಂಧಪಟ್ಟ ನ್ಯೂಸೇ.

ಪ್ರಯಾಣದ ಟೈಮ್ ಆರಿಸ್ಕೊಳ್ಳೋಕೂ ಇದೇ ವಿಜ್ಞಾನ ಸಾಕು. ಟೆಂಪರೇಚರ್ ಅತಿ ಕೆಳಗೆ ಇಳಿಯೋದು ಸೂರ್ಯೋದಯದ ಆಸುಪಾಸಲ್ಲಿ, ಜನವರಿಯಲ್ಲಿ ದೆಹಲಿ ಸೂರ್ಯೋದಯ 7.15ರ ಹತ್ರ, ಹಾಗಾಗಿ ಮಂಜು ಅತಿ ದಟ್ಟ ಇರೋದು ಬೆಳಗ್ಗೆ 4ರಿಂದ 9ರ ತನಕ. ಬೆಂಗಳೂರಿಂದ ಬೆಳಗ್ಗೆ 6ರ ಫ್ಲೈಟ್ ಹಿಡಿದ್ರೆ ಸರಿಯಾಗಿ ಅದರೊಳಗೇ ಹೋಗಿ ಇಳೀಬೇಕು, ಸಾಲದು ಅಂತ ದೇವನಹಳ್ಳಿಯಲ್ಲೂ ಆ ಹೊತ್ತಿಗೆ ಮಂಜು. ದೆಹಲಿ ಏರ್‌ಪೋರ್ಟ್‌ನಲ್ಲಿ ಕ್ಯಾಟ್-3 ಅನ್ನೋ ವ್ಯವಸ್ಥೆ ಇದೆ, ರನ್‌ವೇ ಮೇಲೆ 50 ಮೀಟರ್ ಕಂಡ್ರೂ ಇಳಿಸಬಹುದು, ಆದ್ರೆ ಅದಕ್ಕೆ ವಿಮಾನದಲ್ಲಿ ಆ ಉಪಕರಣ ಇರಬೇಕು, ಪೈಲಟ್‌ಗೂ ಆ ಟ್ರೈನಿಂಗ್ ಆಗಿರಬೇಕು, ಟೇಕಾಫ್‌ಗೆ ಇನ್ನೂ ದೂರ ಕಾಣಬೇಕು. ಮಧ್ಯಾಹ್ನ ಇಳಿಯೋ ಫ್ಲೈಟ್ ತಗೊಳ್ಳಿ, ಅಷ್ಟೇ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗೋರಿಗೆ ಆಯ್ಕೆ ಇಲ್ಲ, ಅದು ಮೂರನೇ ದಿನದ ಬೆಳಗ್ಗೆನೇ ಆ ಮಂಜಿನ ಸೀಮೆಗೆ ಕಾಲಿಡೋದು, ಮುಂದಿನ ಸಿಗ್ನಲ್ ಎಷ್ಟು ದೂರ ಅಂತ ತೋರಿಸೋ ಜಿಪಿಎಸ್ ಯಂತ್ರ ಇಂಜಿನ್‌ನಲ್ಲಿದ್ರೂ ಚಾಲಕರು ನಿಧಾನವಾಗೇ ಓಡಿಸಬೇಕು. ಅವತ್ತಿನ ಸಂಜೆಗೆ ಏನೂ ಗಟ್ಟಿ ಪ್ಲಾನ್ ಇಟ್ಕೋಬೇಡಿ, ಊಟ ತಿಂಡಿ ಜಾಸ್ತಿ ಇಟ್ಕೊಳ್ಳಿ. ಬೆಳ್ಳಂಬೆಳಗ್ಗೆ ಟ್ಯಾಕ್ಸಿ ಮಾಡ್ಕೊಂಡು ತಾಜ್‌ಮಹಲ್ ನೋಡೋಕೆ ಹೊರಡೋದಂತೂ ದಯವಿಟ್ಟು ಬೇಡ, ಯಮುನಾ ಎಕ್ಸ್‌ಪ್ರೆಸ್‌ವೇ ಮೇಲೆ ಮಂಜಲ್ಲಿ ಸಾಲು ಸಾಲು ಗಾಡಿ ಗುದ್ದಿಕೊಂಡು ಜನ ಸತ್ತಿದ್ದಾರೆ. ಅಷ್ಟು ಕಷ್ಟಪಟ್ಟು ಹೋದ್ರೂ ಆ ಮಂಜಲ್ಲಿ ತಾಜ್ ಕಾಣ್ಸಲ್ಲ.

ಈಗ ಮನೆಯೊಳಗಿನ ಚಳಿ. ಅಮೆರಿಕಾದಲ್ಲಿ ಮೈನಸ್ 10 ನೋಡಿ ಬಂದಿರೋ ಮಗ ದೆಹಲಿಯ 9 ಡಿಗ್ರಿಗೆ ನಡುಗ್ತಾನೆ, ಅದರಲ್ಲಿ ಆಶ್ಚರ್ಯ ಇಲ್ಲ. ಅಲ್ಲಿ ಇಡೀ ಮನೆಗೇ ಹೀಟಿಂಗ್ ಇರತ್ತೆ, ಚಳಿ ಬರೀ ಹೊರಗಿನ ಮಾತು. ದೆಹಲಿ ಮನೆಗಳು ಕಟ್ಟಿರೋದು 45 ಡಿಗ್ರಿ ಬೇಸಿಗೆ ನೋಡ್ಕೊಂಡು, ಎತ್ತರದ ಸೀಲಿಂಗ್, ಮಾರ್ಬಲ್ ನೆಲ, ಕಿಟಕಿ ಸಂದಿಯಲ್ಲಿ ಗಾಳಿ. ಇಟ್ಟಿಗೆ ಕಾಂಕ್ರೀಟ್ ಒಂದ್ಸಲ ತಣ್ಣಗಾದ್ರೆ ಬೇಗ ಬಿಸಿಯಾಗಲ್ಲ, ಮಧ್ಯಾಹ್ನ ಹೊರಗೆ 18 ಇದ್ರೂ ಒಳಗೆ 14 ಇರೋದುಂಟು, ಅದಕ್ಕೇ ಅಲ್ಲಿನವರು ಬೆಚ್ಚಗಾಗೋಕೆ ಮನೆಯಿಂದ ಹೊರಗೆ ಬಂದು ಟೆರೇಸ್ ಮೇಲೆ ಕೂರೋದು. ಹಾಗಾಗಿ ಮನೆಯೊಳಗೆ ಹಾಕ್ಕೊಳ್ಳೋ ದಪ್ಪ ಸಾಕ್ಸ್, ಸ್ಲಿಪ್ಪರ್, ರಾತ್ರಿ ಮಲಗೋವಾಗ ಹಾಕೋ ಟೋಪಿ, ಇವನ್ನ ಯಾರೂ ಪ್ಯಾಕ್ ಮಾಡಲ್ಲ, ಆದ್ರೆ ಇವೇ ಮೊದಲು ಬೇಕಾಗೋದು.

ಬಟ್ಟೆ ವಿಷಯಕ್ಕೆ ಬಂದ್ರೆ, ಬೆಚ್ಚಗಿಡೋದು ಉಣ್ಣೆಯ ನೂಲಿಗಿಂತ ಹೆಚ್ಚಾಗಿ ಅದರ ಮಧ್ಯೆ ಸಿಕ್ಕಿಹಾಕ್ಕೊಂಡ ಅಲ್ಲಾಡದ ಗಾಳಿ, ನಿಂತ ಗಾಳಿಯಷ್ಟು ನಿಧಾನವಾಗಿ ಶಾಖ ದಾಟಿಸೋ ವಸ್ತು ಬಟ್ಟೆಗಳಲ್ಲಿ ಇಲ್ಲ. ಅದಕ್ಕೇ ಒಂದು ಭಾರಿ ಜಾಕೆಟ್‌ಗಿಂತ ಪದರ ಪದರವಾಗಿ ಹಾಕೋದು ಒಳ್ಳೇದು, ಮೈಗಂಟಿದ ಥರ್ಮಲ್, ಅದರ ಮೇಲೆ ಶರ್ಟು ಅಥವಾ ಕುರ್ತಾ, ಅದರ ಮೇಲೆ ಉಣ್ಣೆ ಸ್ವೆಟರ್, ಎಲ್ಲಕ್ಕಿಂತ ಹೊರಗೆ ಗಾಳಿ ನುಗ್ಗದ ತೆಳು ಜಾಕೆಟ್. ಆ ಕೊನೇದು ಇಲ್ದಿದ್ರೆ ಆಟೋದಲ್ಲಿ ಕೂತ ತಕ್ಷಣ ಎದುರುಗಾಳಿ ಒಳಗಿನ ಬೆಚ್ಚಗಿನ ಗಾಳಿನ ತೊಳ್ಕೊಂಡು ಹೋಗ್ಬಿಡತ್ತೆ, ಎಷ್ಟು ಸ್ವೆಟರ್ ಹಾಕಿದ್ರೂ ಅಷ್ಟೇ. ಪರೇಡ್ ನೋಡೋಕೆ ಹೋಗೋರು ಇನ್ನೊಂದು ವಿಷಯ ನೆನಪಿಡಿ, ಸುಮ್ನೆ ಕೂತಾಗ ದೇಹ ಸುಮಾರು 100 ವ್ಯಾಟ್ ಶಾಖ ಹುಟ್ಟಿಸತ್ತೆ, ಚುರುಕಾಗಿ ನಡೆದ್ರೆ ಅದರ ಎರಡು ಮೂರು ಪಟ್ಟು. ಕರ್ತವ್ಯ ಪಥದಲ್ಲಿ ಬೆಳಗ್ಗೆನೇ ಹೋಗಿ ಗಂಟೆಗಟ್ಟಲೆ ಅಲ್ಲಾಡದೆ ಕೂರಬೇಕು, ಚಾಂದನಿ ಚೌಕದಲ್ಲಿ ನಡೆಯೋವಾಗ ಸಾಕಾಗಿದ್ದ ಬಟ್ಟೆ ಅಲ್ಲಿ ಏನೇನೂ ಸಾಲಲ್ಲ, ಅಜ್ಜಿ ತಾತ ಜೊತೆಗಿದ್ರೆ ಕಾಲಿನ ಮೇಲೆ ಹೊದಿಸೋಕೆ ಶಾಲು ಇರಲಿ. ಕಮ್ಮಿ ಬಿದ್ರೆ ಗಾಬರಿ ಬೇಡ, ಸರೋಜಿನಿ ನಗರ, ಲಜಪತ್ ನಗರದಲ್ಲಿ ಇಲ್ಲಿಗಿಂತ ಅಗ್ಗವಾಗಿ ಒಳ್ಳೆ ಸ್ವೆಟರ್ ಸಿಗತ್ತೆ.

ಚರ್ಮ ಒಡೆಯೋದಕ್ಕೆ ಕಾರಣ ಸ್ವಾರಸ್ಯವಾಗಿದೆ. ಬೆಳಗ್ಗೆ ಹ್ಯುಮಿಡಿಟಿ 95 ಪರ್ಸೆಂಟ್ ಅಂತ ತೋರಿಸ್ತಿರತ್ತೆ, ಆದ್ರೂ ತುಟಿ ಒಡೆಯತ್ತೆ, ಯಾಕೆ? 7 ಡಿಗ್ರಿಯ ಗಾಳಿ ಪೂರ್ತಿ ತುಂಬಿದ್ರೂ ಒಂದು ಘನ ಮೀಟರ್‌ಗೆ ಹಿಡಿಯೋದು 8 ಗ್ರಾಂಗಿಂತ ಕಮ್ಮಿ ನೀರಾವಿ, ನಮ್ಮ ಚರ್ಮದ ಪಕ್ಕ ಬಂದು 30 ಡಿಗ್ರಿಗೆ ಕಾದ್ರೆ ಅದೇ ಗಾಳಿಗೆ 30 ಗ್ರಾಂ ಹಿಡಿಯೋ ಶಕ್ತಿ ಬರತ್ತೆ, ಕೊರತೆ ಬಿದ್ದಿದ್ದನ್ನ ಅದು ಚರ್ಮದಿಂದಲೇ ಎಳ್ಕೊಳತ್ತೆ. ರೂಮ್ ಹೀಟರ್ ಹಾಕಿದ್ರೆ ಇನ್ನೂ ಜಾಸ್ತಿ. ತೆಂಗಿನೆಣ್ಣೆ ತಗೊಂಡು ಹೋಗೋರು ಅಗಲ ಬಾಯಿಯ ಡಬ್ಬಿಯಲ್ಲಿ ಹಾಕ್ಕೊಳ್ಳಿ, 24 ಡಿಗ್ರಿ ಕೆಳಗೆ ಅದು ಗಟ್ಟಿಯಾಗತ್ತೆ, ದೆಹಲಿಯಲ್ಲಿ ಸಣ್ಣ ಬಾಯಿ ಬಾಟಲಿಯಿಂದ ಒಂದು ಹನಿನೂ ಬೀಳಲ್ಲ.

ಇನ್ನು ಹೊಗೆ. ಮಾಮೂಲಿಯಾಗಿ ಮೇಲೆ ಹೋದಷ್ಟೂ ಗಾಳಿ ತಣ್ಣಗಿರತ್ತೆ, ಕೆಳಗಿನ ಬಿಸಿ ಗಾಳಿ ಏರಿ ಹೊಗೆಯನ್ನ ಹೊತ್ಕೊಂಡು ಹೋಗತ್ತೆ. ಚಳಿಗಾಲದ ರಾತ್ರಿ ಇದು ಉಲ್ಟಾ, ನೆಲದ ಹತ್ರ ತಣ್ಣಗೆ, ಮೇಲೆ ಬೆಚ್ಚಗೆ, ಪಾತ್ರೆಗೆ ತಟ್ಟೆ ಮುಚ್ಚಿದಂಗೆ ಗಾಡಿ, ಕಾರ್ಖಾನೆ, ಕಸ ಸುಟ್ಟ ಹೊಗೆ ಎಲ್ಲ ಕೆಳಗೇ ಉಳ್ಕೊಳತ್ತೆ. ಪೈರಿನ ಕೂಳೆ ಸುಡೋದು ಅಕ್ಟೋಬರ್, ನವೆಂಬರ್‌ಗೇ ಬಹುಪಾಲು ಮುಗಿದಿರತ್ತೆ, ಜನವರಿಯಲ್ಲಿ ಉಸಿರುಗಟ್ಟಿಸೋದು ಹೆಚ್ಚಾಗಿ ಹೀಗೆ ಕೆಳಗೇ ಉಳಿದ ಬೇರೆ ಹೊಗೆ. ಗಾಳಿ ಎಷ್ಟು ಕೆಟ್ಟಿದೆ ಅಂತ ತೋರಿಸೋ ಎಕ್ಯೂಐ 300 ದಾಟಿದ್ರೆ ಮಕ್ಕಳಿಗೂ ವಯಸ್ಸಾದವರಿಗೂ ಎನ್95 ಮಾಸ್ಕ್ ಹಾಕಿ, ಮಫ್ಲರ್ ಸುತ್ತಿದ್ರೆ ಚಳಿ ತಡೆಯತ್ತೆ, ಪಿಎಂ 2.5 ಅನ್ನೋ ಅತಿ ಸಣ್ಣ ಹೊಗೆ ಧೂಳಿನ ಕಣ ತಡೆಯಲ್ಲ. ಆಸ್ತಮಾ ಇರೋರು ಇನ್‌ಹೇಲರ್ ಮರೀಬೇಡಿ, ವಾಕಿಂಗ್ ಅಭ್ಯಾಸ ಇರೋರು ಮುಂಜಾನೆ ಬಿಟ್ಟು ಮಧ್ಯಾಹ್ನ ಹೋಗಿ.

ಒಂದು ಮಾತು ತುಂಬಾ ಗಂಭೀರವಾಗಿ ಹೇಳ್ಬೇಕು. ಕೆಲವು ಮನೆ, ಗೆಸ್ಟ್‌ಹೌಸ್‌ಗಳಲ್ಲಿ ಇದ್ದಿಲು ಉರಿಸೋ ಅಂಗೀಠಿ ಕೊಡ್ತಾರೆ. ಬಾಗಿಲು ಕಿಟಕಿ ಮುಚ್ಚಿ ಅದನ್ನ ಹಚ್ಚಿಟ್ಟು ಮಲಗಲೇಬೇಡಿ. ಗಾಳಿ ಸಾಲದೆ ಉರಿಯೋ ಇದ್ದಿಲಿಂದ ಕಾರ್ಬನ್ ಮಾನಾಕ್ಸೈಡ್ ಬರತ್ತೆ, ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟ್ಕೊಳತ್ತೆ, ಮಲಗಿದವರಿಗೆ ಎಚ್ಚರವೇ ಆಗಲ್ಲ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಹೀಗೆ ಇಡೀ ಕುಟುಂಬಗಳು ಹೋಗಿರೋ ಸುದ್ದಿ ಬರತ್ತೆ. ಇನ್ನೊಂದು ರಜಾಯಿ ಕೇಳಿ ತಗೊಳ್ಳಿ, ಕೊಡ್ತಾರೆ.

ತಾರೀಖು ನಿಮ್ಮ ಕೈಯಲ್ಲೇ ಇದ್ರೆ ಫೆಬ್ರವರಿ ಎರಡನೇ ವಾರದ ಮೇಲೆ ಹೋಗಿ. ಸೂರ್ಯ ಅಷ್ಟು ಹೊತ್ತಿಗೆ ಮೇಲೇರಿರ್ತಾನೆ, ಮಂಜು ಕಟ್ಟಿದ್ರೂ ಬೇಗ ಕರಗತ್ತೆ, ಮ್ಯಾಕ್ಸಿಮಮ್ 24ರ ಆಸುಪಾಸು, ರಾಷ್ಟ್ರಪತಿ ಭವನದ ಅಮೃತ್ ಉದ್ಯಾನವನ್ನೂ ಸಾಮಾನ್ಯವಾಗಿ ಆಗಲೇ ಜನರಿಗೆ ತೆಗೆಯೋದು. ಒಂದು ಸ್ವೆಟರ್, ಒಂದು ಶಾಲು ಸಾಕು.