ಬಾಯ್ಲರ್ ಉರಿಯುತ್ತದೆ, ರೇಡಿಯೇಟರ್ ಮಾತ್ರ ತಣ್ಣಗೆ: ನೀರು ಎಲ್ಲಿ ತಡೆದಿದೆ?

ಪ್ರಶ್ನೆ: ನಮ್ಮ ಮನೆಯ ಸೆಂಟ್ರಲ್ ಹೀಟಿಂಗ್ ಬಾಯ್ಲರ್ ಸರಿಯಾಗಿಯೇ ಹೊತ್ತಿಕೊಳ್ಳುತ್ತದೆ. ಕೆಳಗಿನ ಕೋಣೆಗಳು ಬೆಚ್ಚಗಾಗುತ್ತವೆ. ಮಹಡಿಯ ಕೊನೆಯ ಎರಡು ಕೋಣೆಗಳ ರೇಡಿಯೇಟರ್ (ಒಳಗೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಾಗಿಸುವ ಲೋಹದ ಫಲಕ) ಮಾತ್ರ ಎಷ್ಟು ಹೊತ್ತಾದರೂ ಬಿಸಿಯೇರುವುದಿಲ್ಲ. ಬಾಯ್ಲರ್ ಕೂಡ ಐದಾರು ನಿಮಿಷಕ್ಕೊಮ್ಮೆ ಹೊತ್ತಿ ಆರುತ್ತಲೇ ಇರುತ್ತದೆ. ನೋಡಲು ಬಂದವರು ‘ಪಂಪು ಹೋಗಿದೆ, ಬದಲಿಸಿ’ ಎಂದರು. ಬದಲಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗಲೂಬಹುದು. ಆದರೆ ಈಗಲೇ ಪಂಪಿಗೆ ದುಡ್ಡು ಸುರಿಯಬೇಡಿ. ಕೆಳಗಿನ ಕೋಣೆಗಳು ಬೆಚ್ಚಗಾಗುತ್ತಿವೆ ಎಂದರೆ ಪಂಪು ತಿರುಗುತ್ತಿದೆ ಎಂದೇ ಅರ್ಥ. ಅದು ಸೋತಿರಬಹುದು, ಪೂರ್ತಿ ನಿಂತಿಲ್ಲ. ನೀರು ಹೊರಟಿದೆ; ನಡುವೆ ಎಲ್ಲೋ ತಡೆದಿದೆ, ಇಲ್ಲವೇ ಹತ್ತಿರದ ದಾರಿ ಹಿಡಿದು ವಾಪಸಾಗುತ್ತಿದೆ. ಎಲ್ಲಿ ಎಂದು ಹುಡುಕಲು ಮುಕ್ಕಾಲು ಪಾಲು ನಿಮ್ಮ ಅಂಗೈಯೇ ಸಾಕು.

ಬಾಯ್ಲರಿನಿಂದ ಬಿಸಿನೀರು ಒಂದು ಪೈಪಿನಲ್ಲಿ ಹೊರಡುತ್ತದೆ, ಇನ್ನೊಂದರಲ್ಲಿ ಮರಳುತ್ತದೆ. ಈ ಎರಡು ಪೈಪುಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ರೇಡಿಯೇಟರುಗಳು ಕೂತಿರುತ್ತವೆ. ನೀರು ಯಾವಾಗಲೂ ತಡೆ ಕಡಿಮೆ ಇರುವ ಮೆಟ್ಟಿಲನ್ನೇ ಮೊದಲು ಹಿಡಿಯುತ್ತದೆ. ಹೋಗುವ ನೀರಿಗೂ ಮರಳುವ ನೀರಿಗೂ 20 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದರೆ, ಒಂದು ಕಿಲೋವ್ಯಾಟ್ ಶಾಖ ಸಾಗಿಸಲು ನಿಮಿಷಕ್ಕೆ ಸುಮಾರು 0.7 ಲೀಟರ್ ನೀರು ಹರಿಯಬೇಕು. ಅಷ್ಟು ಹರಿಯದಿದ್ದರೆ ಬಾಯ್ಲರ್ ಮಾಡಿದ ಶಾಖ ಬಾಯ್ಲರಿನಲ್ಲೇ ಉಳಿಯುತ್ತದೆ. ಒಳಗಿನ ನೀರು ಬೇಗ ಕಾದು, ನಿಗದಿ ಮಾಡಿದ ಮಟ್ಟ ಮುಟ್ಟಿ, ಉರಿ ಆರುತ್ತದೆ. ತಣಿದ ಮೇಲೆ ಮತ್ತೆ ಹೊತ್ತುತ್ತದೆ. ನಿಮ್ಮ ಬಾಯ್ಲರಿನ ಐದಾರು ನಿಮಿಷದ ಆಟದ ಹಿಂದೆ ಇದೇ ಇರುವ ಸಾಧ್ಯತೆ ಹೆಚ್ಚು.

ಬಾಯ್ಲರ್ ಹೊತ್ತಿ ಕಾಲು ಗಂಟೆಯಾದ ಮೇಲೆ ಅದರ ಕೆಳಗಿನ ಎರಡೂ ಪೈಪುಗಳನ್ನು ಮುಟ್ಟಿ ನೋಡಿ. ಮುಟ್ಟಿ ತಕ್ಷಣ ಕೈ ತೆಗೆಯಿರಿ, ಸುಡುತ್ತದೆ. ಹೋಗುವ ಪೈಪು ಕಾದು ಮರಳುವ ಪೈಪು ಬರೀ ಉಗುರುಬೆಚ್ಚಗಿದ್ದರೆ ಹರಿವು ಸಾಲದು. ಎರಡೂ ಬೇಗನೆ ಬಿಸಿಯಾಗಿ ಕೋಣೆಗಳು ಮಾತ್ರ ತಣ್ಣಗಿದ್ದರೆ ಕಥೆಯೇ ಬೇರೆ: ನೀರು ರೇಡಿಯೇಟರ್ ತನಕ ಹೋಗದೆ, ಅಡ್ಡದಾರಿಯಲ್ಲಿ ನೇರ ಮರಳುವ ಪೈಪಿಗೆ ಬಿಡುವ ಬೈಪಾಸ್ ವಾಲ್ವಿನಿಂದಲೋ, ಪೂರ್ತಿ ತೆರೆದ ಹತ್ತಿರದ ರೇಡಿಯೇಟರಿನಿಂದಲೋ ತಿರುಗಿ ಬರುತ್ತಿದೆ. ಈ ಒಂದು ಪರೀಕ್ಷೆ ಮಾಡದೆ ಪಂಪು ಬಿಚ್ಚುವವರನ್ನು ನಾನು ನಂಬುವುದಿಲ್ಲ.

ಆಮೇಲೆ ತಣ್ಣಗಿರುವ ರೇಡಿಯೇಟರಿನ ಹತ್ತಿರ ಹೋಗಿ, ಮೇಲಿನಿಂದ ಕೆಳಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಅಂಗೈ ಆಡಿಸಿ. ಮೇಲ್ಭಾಗ ತಣ್ಣಗಿದ್ದು ಕೆಳಗೆ ಬಿಸಿಯಿದ್ದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆರಿಸಿ, ತಣಿಯಲು ಬಿಟ್ಟು, ಮೇಲಿನ ತುದಿಯಲ್ಲಿರುವ ಪುಟ್ಟ ಗಾಳಿ ತಿರುಪನ್ನು ಕೀಲಿಯಿಂದ ಕಾಲು ಸುತ್ತು ಸಡಿಲಿಸಿ. ಕೆಳಗೆ ಬಟ್ಟೆ ಹಿಡಿದಿರಿ. ಬುಸ್ಸೆಂದು ಗಾಳಿ ಹೋಗಿ, ನೀರು ಧಾರೆಯಾಗಿ ಬಂದ ಕೂಡಲೇ ಬಿಗಿಮಾಡಿ. ಬಳಿಕ ಒತ್ತಡದ ಮುಳ್ಳು ನೋಡುವುದನ್ನು ಮರೆಯಬೇಡಿ. ಹೆಚ್ಚಿನ ಮನೆಗಳಲ್ಲಿ ತಣ್ಣಗಿರುವಾಗ ಅದು 1ರಿಂದ 1.5 ಬಾರ್ ನಡುವೆ ಇರಬೇಕು. ಒಂದು ಬಾರ್ ಎಂದರೆ ಸುಮಾರು 10 ಮೀಟರ್ ಎತ್ತರದ ನೀರಿನ ಭಾರ. ಮುಳ್ಳು ಸೊನ್ನೆಯ ಹತ್ತಿರ ಇಳಿದಿದ್ದರೆ ಮಹಡಿಯ ರೇಡಿಯೇಟರ್ ತುಂಬುವುದೇ ಇಲ್ಲ. ನಿಮ್ಮ ಮನೆಯಲ್ಲಿ ತಣ್ಣಗಿರುವುದು ಮಹಡಿಯ ಕೋಣೆಗಳೇ ಆದ್ದರಿಂದ ಬೇರೆಲ್ಲಕ್ಕಿಂತ ಮೊದಲು ಈ ಮುಳ್ಳನ್ನು ನೋಡಿ.

ವಾರಕ್ಕೊಮ್ಮೆ ಗಾಳಿ ಬಿಡಬೇಕಾಗಿ ಬರುತ್ತಿದ್ದರೆ ಅದು ಸಣ್ಣ ವಿಷಯವಲ್ಲ. ಎಲ್ಲೋ ಸೋರಿಕೆಯಾಗಿ ಹೊಸ ನೀರಿನ ಜೊತೆ ಗಾಳಿ ಬರುತ್ತಿರಬಹುದು. ಇಲ್ಲವೇ ಒಳಗಿನ ಕಬ್ಬಿಣ ತುಕ್ಕು ಹಿಡಿದು ಹೈಡ್ರೋಜನ್ ಹುಟ್ಟುತ್ತಿರಬಹುದು. ಅದು ಉರಿಯುವ ಅನಿಲ, ಹತ್ತಿರ ಬೆಂಕಿ ಇಟ್ಟುಕೊಳ್ಳಬೇಡಿ.

ರೇಡಿಯೇಟರಿನ ಕೆಳಭಾಗ, ಅದರಲ್ಲೂ ನಡುವೆ, ತಣ್ಣಗಿದ್ದು ಮೇಲೂ ಬದಿಗಳಲ್ಲೂ ಬಿಸಿಯಿದ್ದರೆ ಅದು ಕಪ್ಪು ಬಗ್ಗಡ. ತುಕ್ಕಿನಿಂದ ಹುಟ್ಟುವ ಈ ಕಬ್ಬಿಣದ ಆಕ್ಸೈಡಿಗೆ ಮ್ಯಾಗ್ನೆಟೈಟ್ ಎಂದು ಹೆಸರು. ಹೆಸರೇ ಹೇಳುವಂತೆ ಅದನ್ನು ಆಯಸ್ಕಾಂತ ಹಿಡಿಯುತ್ತದೆ. ಹಿಂದೆ ನಮ್ಮ ಮನೆಯಲ್ಲೂ ಕೊನೆಯ ಕೋಣೆ ತಣ್ಣಗಾಗಿ, ರಿಪೇರಿಗೆ ಬಂದವರು ಹೊಸ ಪಂಪು ಹಾಕಿಹೋದರು. ಏನೂ ಬದಲಾಗಲಿಲ್ಲ. ಆಮೇಲೆ ಬಂದ ವಯಸ್ಸಾದ ಕೆಲಸಗಾರರೊಬ್ಬರು ಜೇಬಿನಿಂದ ಚಿಕ್ಕ ಆಯಸ್ಕಾಂತ ತೆಗೆದು, ಮರಳುವ ತಾಮ್ರದ ಪೈಪಿನ ಉದ್ದಕ್ಕೂ ಮೆಲ್ಲಗೆ ಎಳೆಯುತ್ತಾ ಹೋದರು. ತಾಮ್ರಕ್ಕೆ ಆಯಸ್ಕಾಂತ ಅಂಟುವುದಿಲ್ಲ. ಒಂದು ತಿರುವಿನಲ್ಲಿ ಮಾತ್ರ ಅದು ತಾನಾಗಿ ಪೈಪಿಗೆ ಕಚ್ಚಿಕೊಂಡು ನಿಂತಿತು. ಆ ತುಂಡನ್ನು ಕತ್ತರಿಸಿ ತೆಗೆದಾಗ ಒಳಗೆ ಪೆನ್ಸಿಲ್ ತೂರುವಷ್ಟು ತೂತು ಉಳಿದಿತ್ತು. ಸುತ್ತಲೂ ಕಾಡಿಗೆಯಂಥ ಕಪ್ಪು ಗಟ್ಟಿ ಪದರ. ಯಾವ ಪಂಪು ತಾನೇ ಏನು ಮಾಡೀತು? ಅಂದಿನಿಂದ ಆಯಸ್ಕಾಂತ ಆಡಿಸದೆ ನಾನು ಯಾರಿಗೂ ಪಂಪು ಬದಲಿಸಲು ಹೇಳಿಲ್ಲ. ಬೆರಳಿನಷ್ಟು ಸಣ್ಣ ಪೈಪುಗಳಿರುವ ಮನೆಗಳಲ್ಲಂತೂ ಬಗ್ಗಡ ಇನ್ನೂ ಬೇಗ ಕಟ್ಟುತ್ತದೆ.

ರೇಡಿಯೇಟರ್ ಇಡೀ ತಣ್ಣಗಿದ್ದು ಅದರ ಒಂದು ಪೈಪು ಮಾತ್ರ ವಾಲ್ವಿನ ತನಕ ಬಿಸಿಯಿದ್ದರೆ ವಾಲ್ವನ್ನೇ ಅನುಮಾನಿಸಿ. ತಾಪ ನೋಡಿ ತಾನೇ ತೆರೆದು ಮುಚ್ಚುವ ವಾಲ್ವಿನ ತಲೆ ಬಿಚ್ಚಿದರೆ ಒಂದು ಸಣ್ಣ ಪಿನ್ನು ಕಾಣುತ್ತದೆ. ಒತ್ತಿದರೆ ಕೆಲವು ಮಿಲಿಮೀಟರ್ ಒಳಗೆ ಹೋಗಿ, ಬಿಟ್ಟರೆ ಪುಟಿದು ಬರಬೇಕು. ಬೇಸಿಗೆಯಿಡೀ ಮುಚ್ಚಿಟ್ಟರೆ ಅದು ಕೆಳಗೇ ಸಿಕ್ಕಿಕೊಳ್ಳುವುದು ಮಾಮೂಲು. ಮೆಲ್ಲಗೆ ತಟ್ಟಿ, ಒತ್ತಿ ಬಿಟ್ಟು ಸಡಿಲಿಸಿ. ಇಕ್ಕಳ ಹಾಕಿ ಎಳೆದರೆ ಪಿನ್ನು ಕಿತ್ತುಬಂದು ನೀರು ಚಿಮ್ಮೀತು.

ಇಷ್ಟಾದರೂ ಗೊತ್ತಾಗದಿದ್ದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವ ಪರೀಕ್ಷೆ ಒಂದಿದೆ. ಆ ಎರಡು ಕೋಣೆಗಳದ್ದನ್ನು ಬಿಟ್ಟು ಉಳಿದೆಲ್ಲ ರೇಡಿಯೇಟರುಗಳ ವಾಲ್ವುಗಳನ್ನು ಮುಚ್ಚಿ, ಅರ್ಧ ಗಂಟೆ ಕಾಯಿರಿ. ತಣ್ಣಗಿದ್ದವು ಈಗ ಬಿಸಿಯಾದರೆ ಪೈಪಿನಲ್ಲಿ ಪೂರ್ತಿ ತಡೆಯಿಲ್ಲ, ವಾಲ್ವೂ ಸಿಕ್ಕಿಕೊಂಡಿಲ್ಲ. ಹತ್ತಿರದವು ತಮ್ಮ ಪಾಲಿಗಿಂತ ಹೆಚ್ಚು ನೀರು ಎಳೆದುಕೊಳ್ಳುತ್ತಿದ್ದವು, ಅಷ್ಟೆ. ಆಗ ಬಾಯ್ಲರಿಗೆ ಹತ್ತಿರದ ರೇಡಿಯೇಟರುಗಳ ಇನ್ನೊಂದು ತುದಿಯಲ್ಲಿ, ಮುಚ್ಚಳದೊಳಗಿರುವ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಬಿಗಿಮಾಡಬೇಕು. ಎಷ್ಟು ಸುತ್ತು ತಿರುಗಿಸಿದಿರಿ ಎಂದು ಬರೆದಿಟ್ಟುಕೊಳ್ಳಿ. ದೂರದ್ದನ್ನು ಪೂರ್ತಿ ತೆರೆದಿಡಿ. ಒಂದೇ ಸಲಕ್ಕೆ ಸರಿಹೋಗುವ ಕೆಲಸವಲ್ಲ ಇದು. ಒಂದೊಂದು ಬದಲಾವಣೆಗೂ ತಾಪ ನೆಲೆಗೊಳ್ಳಲು ಸಮಯ ಕೊಡಬೇಕು. ಉಳಿದೆಲ್ಲವನ್ನು ಮುಚ್ಚಿಯೂ ಆ ಎರಡು ತಣ್ಣಗೇ ಉಳಿದರೆ ತಡೆ ಆ ಕವಲಿನಲ್ಲೇ ಇದೆ: ಗಾಳಿ, ಬಗ್ಗಡ ಅಥವಾ ವಾಲ್ವು.

ಪಂಪಿನ ಸರದಿ ಈಗ. ಉದ್ದ ಸ್ಕ್ರೂ ಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ. ಒಂದೇ ಸಮನೆ ಗುಂಯ್‌ಗುಟ್ಟಿದರೆ ತಿರುಗುತ್ತಿದೆ. ಕರಕರ ಸದ್ದು ಬಂದರೆ ಬೇರಿಂಗ್ ಸವೆದಿದೆ ಅಥವಾ ಗಾಳಿ ಹೊಕ್ಕಿದೆ. ಕರೆಂಟು ಬರುತ್ತಿದ್ದೂ ಸದ್ದಿಲ್ಲದೆ ಮೈ ವಿಪರೀತ ಕಾದಿದ್ದರೆ ಸಿಕ್ಕಿಕೊಂಡಿದೆ. ಪಂಪಿನ ಆಚೀಚೆ ಇರುವ, ಒಳಗಿನ ತಗಡಿನಂಥ ಗೇಟು ಇಳಿಸಿ ನೀರು ನಿಲ್ಲಿಸುವ ಗೇಟ್ ವಾಲ್ವುಗಳನ್ನೂ ನೋಡಿ: ಹಿಡಿ ಸರಾಗವಾಗಿ ತಿರುಗಿದರೂ ಒಳಗಿನ ಗೇಟು ಕಳಚಿ ಕೆಳಗೇ ಬಿದ್ದಿರುವುದುಂಟು. ಮೋಟಾರು ತಿರುಗಿಯೂ ಒಳಗಿನ ಚಕ್ರ ಬಗ್ಗಡದಿಂದ ತುಂಬಿಹೋಗಿದ್ದರೆ ಬದಲಿಸಲೇಬೇಕು. ಆದರೆ ಅಂಥ ನೀರನ್ನು ತೊಳೆದು ಹೊರಹಾಕಿ, ತುಕ್ಕು ತಡೆಯುವ ದ್ರಾವಣ ಸೇರಿಸಿ, ಮರಳುವ ಪೈಪಿಗೆ ಆಯಸ್ಕಾಂತದ ಫಿಲ್ಟರ್ ಕೂರಿಸದೆ ಹೊಸ ಪಂಪು ಹಾಕಿದರೆ ಅದಕ್ಕೂ ಹಳೆಯದರ ಗತಿಯೇ.

ಗ್ಯಾಸ್ ಬಾಯ್ಲರಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಉರಿಯುವ ಭಾಗ ಎಡವಟ್ಟಾದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಸೇರೀತು. ಅದು ಪರವಾನಗಿ ಇರುವವರ ಕೆಲಸ. ಅವರನ್ನು ಕರೆದಾಗ ‘ಪಂಪು ನೋಡಿ’ ಎನ್ನುವ ಬದಲು ಎರಡು ಪೈಪುಗಳ ಬಿಸಿ ಹೇಗಿತ್ತು, ಮುಳ್ಳು ಎಲ್ಲಿತ್ತು, ಉಳಿದವನ್ನು ಮುಚ್ಚಿದಾಗ ಮಹಡಿಯ ರೇಡಿಯೇಟರ್ ಏನಾಯಿತು, ಈ ಮೂರನ್ನು ಹೇಳಿ.