ಎರಡರಿಂದ ಮೂರಕ್ಕೆ ಬರಲು ಪೈಥಾನ್‌ಗೆ ಹನ್ನೊಂದು ವರ್ಷ ಏಕೆ ಹಿಡಿಯಿತು?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದೊಡ್ಡ ಬದಲಾವಣೆಯ ಮಾತು ಎದ್ದಾಗಲೆಲ್ಲ ಯಾರಾದರೊಬ್ಬರು 'ಮತ್ತೆ ಮೂರರ ಕಥೆ ಆಗಬಾರದು' ಎನ್ನುತ್ತಾರೆ. ಒಂದು ಹೊತ್ತಿಗೆ ಒಂದೇ ಥ್ರೆಡ್, ಅಂದರೆ ಪ್ರೋಗ್ರಾಂನ ಒಂದೇ ಕೆಲಸದ ಎಳೆ, ಓಡುವಂತೆ ಕಾಯುವ 'ಗಿಲ್' ಎಂಬ ಬೀಗವನ್ನು ತೆಗೆಯುವ ಪ್ರಸ್ತಾವಕ್ಕೆ 2023ರಲ್ಲಿ ಒಪ್ಪಿಗೆ ಕೊಡುವಾಗ ಭಾಷೆಯ ಬಗ್ಗೆ ಅಂತಿಮ ತೀರ್ಮಾನ ತೆಗೆದುಕೊಳ್ಳುವ ಸ್ಟೀರಿಂಗ್ ಕೌನ್ಸಿಲ್ ಕೂಡ ಇದನ್ನೇ ಒತ್ತಿ ಹೇಳಿತು. ಈಚೆಗೆ ಪೈಥಾನ್ ಕಲಿತವರಿಗೆ ಈ ಮಾತು ಒಗಟು. ಅವರು ಕಂಡಿರುವುದು ಮೂರನೆಯ ಆವೃತ್ತಿಯನ್ನು ಮಾತ್ರ.

ಗೈಡೊ ವಾನ್ ರೋಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಬರೆಯತೊಡಗಿದ ಭಾಷೆ 1991ರಲ್ಲಿ ಹೊರಬಂತು, 2000ದಲ್ಲಿ ಎರಡನೆಯ ಆವೃತ್ತಿಗೆ ಕಾಲಿಟ್ಟಿತು, 2008ರ ಡಿಸೆಂಬರ್ 3ರಂದು 3.0 ಆಯಿತು. ಹಳೆಯ ತಪ್ಪುಗಳನ್ನು ಒಂದೇ ಸಲ ತಿದ್ದಿಬಿಡಬೇಕು, ಅದಕ್ಕಾಗಿ ಹಳೆಯ ಕೋಡ್ ಓಡದಿದ್ದರೂ ಸರಿ ಎಂಬುದು ಮೂರರ ಹಿಂದಿನ ತೀರ್ಮಾನ. ಪ್ರಿಂಟ್‌ಗೆ ಆವರಣ ಚಿಹ್ನೆ ಕಡ್ಡಾಯವಾಯಿತು. ಒಂದನ್ನು ಎರಡರಿಂದ ಭಾಗಿಸಿದರೆ ಸೊನ್ನೆಯ ಬದಲು ಅರ್ಧ ಬರತೊಡಗಿತು. ಜನ ಹೆಚ್ಚು ಮಾತಾಡಿದ್ದು ಇವುಗಳ ಬಗ್ಗೆ. ನಿಜವಾದ ಬದಲಾವಣೆ ಆಗಿದ್ದು ಅಕ್ಷರಗಳ ವಿಷಯದಲ್ಲಿ, ಮತ್ತು ಅದು ನಮಗೆ ಬೇಕೇ ಬೇಕಿತ್ತು.

ಪೈಥಾನ್ 2ರ ಸಾಮಾನ್ಯ ಸ್ಟ್ರಿಂಗ್, ಅಂದರೆ ಪಠ್ಯ ಇಡುವ ಬಗೆ, ಬರೀ ಬೈಟ್‌ಗಳ ಸಾಲು; ಬೈಟ್ ಎಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ. ಇಂಗ್ಲಿಷಿಗೆ ಒಂದು ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ತೊಂದರೆ ಕಾಣುತ್ತಿರಲಿಲ್ಲ. 'ಕನ್ನಡ' ಎಂಬ ಪದವನ್ನು ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿಸುವ ಪದ್ಧತಿ) ಬರೆದು ಅದರ ಉದ್ದ ಕೇಳಿದರೆ ಪೈಥಾನ್ 2 ಕೊಡುತ್ತಿದ್ದ ಉತ್ತರ 15. ಕ, ನ, ಹಲಂತ, ನ, ಡ ಎಂಬ ಐದು ಸಂಕೇತಗಳಿಗೆ ತಲಾ ಮೂರು ಬೈಟ್. ಮೊದಲ ಎರಡು ಅಕ್ಷರ ಕೊಡು ಎಂದರೆ ಕಕಾರದ ಮುರುಕು ಕೈಗೆ ಬರುತ್ತಿತ್ತು. ಪೈಥಾನ್ 3 ಐದು ಎಂದು ಹೇಳುತ್ತದೆ. ಕಣ್ಣಿಗೆ ಕಾಣುವುದು ಮೂರೇ ಅಕ್ಷರವಲ್ಲವೇ ಎಂದು ನೀವು ಕೇಳಬಹುದು. ಒತ್ತಕ್ಷರದ ಆ ಲೆಕ್ಕ ಲೋಕದ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯುನಿಕೋಡ್ ಎಂಬ ಮಾನದಂಡಕ್ಕೆ ಸೇರಿದ್ದು.

ಲೆಕ್ಕ ತಪ್ಪುವುದಕ್ಕಿಂತ ಹೆಚ್ಚು ಕಾಡಿದ್ದು ಅದು ತಪ್ಪುತ್ತಿದ್ದ ಹೊತ್ತು. ಯುನಿಕೋಡ್ ಸ್ಟ್ರಿಂಗ್ ಒಂದಕ್ಕೆ ಬೈಟ್‌ಗಳನ್ನು ಜೋಡಿಸಿದರೆ ಪೈಥಾನ್ 2 ಎಲ್ಲವೂ ಆಸ್ಕಿ (ಇಂಗ್ಲಿಷಿಗಷ್ಟೇ ಸಾಲುವ ಹಳೆಯ ಸಂಕೇತ ಪದ್ಧತಿ) ಎಂದುಕೊಂಡು ಸುಮ್ಮನೆ ಮುಂದುವರಿಯುತ್ತಿತ್ತು. ಇಂಗ್ಲಿಷ್ ಹೆಸರುಗಳಿಟ್ಟು ಪರೀಕ್ಷಿಸಿದಾಗ ಎಲ್ಲ ಸರಿ. ಮೊದಲ ಕನ್ನಡ ಹೆಸರು ಬಂದ ದಿನ, 224 ಎಂಬ ಬೈಟ್ ಅರ್ಥವಾಗಲಿಲ್ಲವೆಂದು ಹೇಳಿ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಅಕ್ಷರವೂ 224ರಿಂದಲೇ ಶುರುವಾಗುತ್ತದೆ. ಹಾಗಾಗಿ ಕನ್ನಡ ಪಠ್ಯದ ಜೊತೆ ಕೆಲಸ ಮಾಡುತ್ತಿದ್ದ ನಮ್ಮಂಥವರಿಗೆ ಆ ದೋಷ ಸಂದೇಶ ಬಾಯಿಪಾಠವಾಗಿತ್ತು. ಬೈಟ್ ಬೇರೆ, ಅಕ್ಷರ ಬೇರೆ ಎಂದು ಮೂರನೆಯ ಆವೃತ್ತಿ ಗೆರೆ ಎಳೆದ ಮೇಲೆ ತಪ್ಪಿದ್ದರೆ ಇಂಗ್ಲಿಷ್ ಹೆಸರಿಗೇ ಸಿಕ್ಕಿಬೀಳತೊಡಗಿತು.

ಗುರಿ ಸರಿ ಇತ್ತು. ಎಡವಿದ್ದು ದಾರಿಯಲ್ಲಿ.

ಎರಡರಲ್ಲಿ ಬರೆದ ಕೋಡನ್ನು ಮೂರಕ್ಕೆ ತಿರುಗಿಸುವ ಸಾಧನವೊಂದನ್ನು ಭಾಷೆಯ ಜೊತೆಗೇ ಕೊಡಲಾಗಿತ್ತು. ಸಾಧನಕ್ಕೆ ಕೋಡ್ ಕೊಡಿ, ಹೊಸದನ್ನು ಪಡೆಯಿರಿ ಎಂಬುದು ಸಲಹೆ. ಆದರೆ ಲೈಬ್ರರಿಗಳನ್ನು, ಅಂದರೆ ಬೇರೆಯವರು ತಮ್ಮ ಪ್ರೋಗ್ರಾಂಗಳಲ್ಲಿ ಬಳಸುವ ಸಿದ್ಧ ಕೋಡನ್ನು, ನೋಡಿಕೊಳ್ಳುವವರಿಗೆ ಎರಡರಲ್ಲೂ ಮೂರರಲ್ಲೂ ಬಳಕೆದಾರರಿದ್ದರು. ಒಂದೇ ಕಡತ ಎರಡೂ ಕಡೆ ಓಡುವುದು ಅವರಿಗೆ ಬೇಕಿತ್ತು. ಅಲ್ಲಿ ಒಂದೇ ಒಂದು ಅಕ್ಷರ ಅಡ್ಡ ಬಂತು. ಪೈಥಾನ್ 2ರಲ್ಲಿ ಯುನಿಕೋಡ್ ಪಠ್ಯವೆಂದು ತಿಳಿಸಲು ಉದ್ಧರಣ ಚಿಹ್ನೆಯ ಹಿಂದೆ ಇಂಗ್ಲಿಷಿನ 'ಯು' ಬರೆಯಬೇಕಿತ್ತು. ಮೂರರಲ್ಲಿ ಪಠ್ಯವೆಲ್ಲ ಯುನಿಕೋಡೇ ಆದ್ದರಿಂದ ಅದು ಅನಗತ್ಯವೆಂದು ತೆಗೆದುಹಾಕಿದರು. ಹಾಗೇ ಉಳಿಸಿಕೊಂಡ ಕಡತ ವ್ಯಾಕರಣ ದೋಷ ಎನಿಸಿಕೊಂಡು ಓಡುತ್ತಲೇ ಇರಲಿಲ್ಲ. ಅಂದರೆ ಹಳೆಯ ಭಾಷೆಯಲ್ಲೂ ಕನ್ನಡ, ತಮಿಳು, ಜಪಾನಿ ಪಠ್ಯಗಳ ಬಗ್ಗೆ ಕಾಳಜಿ ವಹಿಸಿ ಎಲ್ಲೆಡೆ 'ಯು' ಹಾಕಿದ್ದವರಿಗೇ ಪೆಟ್ಟು ಹೆಚ್ಚು ಬಿತ್ತು. 2012ರ ಸೆಪ್ಟೆಂಬರ್‌ನಲ್ಲಿ 3.3ನೆಯ ಆವೃತ್ತಿ ಆ ಅಕ್ಷರಕ್ಕೆ ಮತ್ತೆ ಅವಕಾಶ ಕೊಟ್ಟಿತು. ಅಷ್ಟಕ್ಕೆ ಸುಮಾರು ನಾಲ್ಕು ವರ್ಷ ಕಳೆದಿತ್ತು.

ಈ ನಡುವೆ ಲೈಬ್ರರಿ ಸಿದ್ಧವಿಲ್ಲವೆಂದು ಬಳಕೆದಾರರು ಕಾಯುತ್ತಿದ್ದರು, ಬಳಕೆದಾರರಿಲ್ಲವೆಂದು ಲೈಬ್ರರಿಯವರು ಕಾಯುತ್ತಿದ್ದರು. ಮೂರಕ್ಕೆ ಬಾರದ ಲೈಬ್ರರಿಗಳನ್ನು ಕೆಂಪು ಬಣ್ಣದಲ್ಲಿ ಪಟ್ಟಿ ಮಾಡಿದ ಪುಟವೊಂದಕ್ಕೆ ಮೊದಲು 'ನಾಚಿಕೆಯ ಗೋಡೆ' ಎಂಬ ಅರ್ಥದ ಹೆಸರಿತ್ತು. ಆಮೇಲೆ ಬದಲಾಯಿತು, ಬದಲಾದದ್ದು ಒಳ್ಳೆಯದೇ ಆಯಿತು. ಅಲ್ಲಿ ಕೆಂಪಾಗಿದ್ದ ಹಲವು ಹೆಸರುಗಳ ಹಿಂದೆ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರಿದ್ದರು. ಅಂಥವರಿಗೆ ನೆರವಾದದ್ದು ಎರಡು ಮತ್ತು ಮೂರರ ವ್ಯತ್ಯಾಸಗಳನ್ನು ಮುಚ್ಚುವ 'ಸಿಕ್ಸ್' ಎಂಬ ಪುಟ್ಟ ಲೈಬ್ರರಿ. ಎರಡು ಮೂರಲ ಆರು, ಅದೇ ಹೆಸರು.

2010ರಲ್ಲಿ ಬಂದ 2.7ರ ನಂತರ 2.8 ಇಲ್ಲವೆಂದು ಮೊದಲೇ ತೀರ್ಮಾನವಾಗಿತ್ತು. ಅದರ ಬೆಂಬಲ 2015ಕ್ಕೆ ಮುಗಿಯಬೇಕಿತ್ತು; 2014ರಲ್ಲಿ ಅದನ್ನು 2020ಕ್ಕೆ ಮುಂದೂಡಿದರು. ಲಕ್ಷಗಟ್ಟಲೆ ಸಾಲು ಹಳೆಯ ಕೋಡ್ ಇದ್ದ ಕಂಪನಿಗಳಿಗೆ ಇದರಿಂದ ಉಸಿರಾಡಲು ಜಾಗ ಸಿಕ್ಕಿತು. ಲೈಬ್ರರಿಯವರಿಗೆ ಎರಡು ಭಾಷೆಗಳನ್ನು ಹೊರುವ ಕೆಲಸ ಇನ್ನೂ ಐದು ವರ್ಷ ಬೆಳೆಯಿತು. ಗಂಟು ಸಡಿಲವಾದದ್ದು ಅವರೇ ಒಟ್ಟಾಗಿ ಎರಡನ್ನು ಕೈಬಿಡುವ ದಿನ ಗೊತ್ತುಮಾಡಿಕೊಂಡಾಗ. 2017ರಲ್ಲಿ ಕೋಡನ್ನು ಸಾಲುಸಾಲಾಗಿ ಓಡಿಸಿ ನೋಡುವ ಸಾಧನ ಐಪೈಥಾನ್ 6, ಅದೇ ಡಿಸೆಂಬರ್‌ನಲ್ಲಿ ವೆಬ್ ತಾಣ ಕಟ್ಟಲು ಬಳಸುವ ಜಾಂಗೋ 2.0 ಮೂರಕ್ಕೆ ಮಾತ್ರ ಬಂದವು. 2020ರ ಜನವರಿ 1ಕ್ಕೆ ಎರಡರ ಅವಧಿ ಮುಗಿಯಿತು, ಏಪ್ರಿಲ್‌ನಲ್ಲಿ ಕೊನೆಯ ಕಂತು 2.7.18 ಬಂತು.

ಈಗ ಗಿಲ್ ವಿಷಯದಲ್ಲಿ ನಡೆ ಬೇರೆಯಾಗಿದೆ. ಬೀಗವಿಲ್ಲದ ಪೈಥಾನ್ 2024ರ ಅಕ್ಟೋಬರ್‌ನಲ್ಲಿ 3.13ರ ಜೊತೆ ಪ್ರಯೋಗವಾಗಿ, ಮರುವರ್ಷ 3.14ರಲ್ಲಿ ಅಧಿಕೃತ ಬೆಂಬಲದೊಂದಿಗೆ ಬಂದಿದೆ; ಆದರೂ ಬೇಕಾದವರು ಮಾತ್ರ ಆರಿಸಿಕೊಳ್ಳುವ ಪ್ರತ್ಯೇಕ ರೂಪವಾಗಿಯೇ ಉಳಿದಿದೆ. ಪೈಥಾನ್‌ನಲ್ಲೇ ಬರೆದ ಕೋಡ್ ಎರಡೂ ಕಡೆ ತಿದ್ದುಪಡಿಯಿಲ್ಲದೆ ಓಡುತ್ತದೆ. ಸಿ ಎಂಬ ಬೇರೊಂದು ಭಾಷೆಯಲ್ಲಿ ಪೈಥಾನ್‌ಗೆ ವಿಸ್ತರಣೆ ಬರೆದವರು ಮಾತ್ರ ಮತ್ತೆ ಕೂತು ಪರಿಶೀಲಿಸಬೇಕಾಗಿದೆ. ಬೀಗವಿಲ್ಲದೆ ನಡೆಯಲು ಸಿದ್ಧವೆಂದು ಹೇಳಿಕೊಳ್ಳದ ವಿಸ್ತರಣೆಯನ್ನು ಒಳಗೆ ತಂದರೆ ಪೈಥಾನ್ ಒಂದು ಎಚ್ಚರಿಕೆ ತೋರಿಸಿ ಬೀಗವನ್ನು ತಾನೇ ಮತ್ತೆ ಹಾಕಿಕೊಂಡು ಕೆಲಸ ಮುಂದುವರಿಸುತ್ತದೆ.