ಕಷಾಯ, ಇಂಜೆಕ್ಷನ್ ಮತ್ತು ಒಂದೇ ದೇಹ

1996ರ ಮಾರ್ಚಿನಲ್ಲಿ ಜಪಾನಿನ ಆರೋಗ್ಯ ಸಚಿವಾಲಯ ವೈದ್ಯರಿಗೆ ತುರ್ತು ಎಚ್ಚರಿಕೆಯೊಂದನ್ನು ಕಳಿಸಿತು. ಶೋ-ಸೈಕೋ-ಟೋ ಎಂಬ ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲಿ ಹಿಂದಿನ ಎರಡು ವರ್ಷಗಳಲ್ಲಿ 88 ಮಂದಿಗೆ ಶ್ವಾಸಕೋಶದ ಉರಿಯೂತ ಕಾಣಿಸಿಕೊಂಡಿತ್ತು. ಅವರಲ್ಲಿ 10 ಮಂದಿ ಬದುಕಲಿಲ್ಲ. ಔಷಧಿ ಹೊಸದಲ್ಲ. ಚೀನಾದ ವೈದ್ಯ ಝಾಂಗ್ ಝೋಂಗ್‌ಜಿಂಗ್ ಸುಮಾರು 1800 ವರ್ಷಗಳ ಹಿಂದೆ ಬರೆದಿಟ್ಟ ಕಷಾಯ ಅದು. ಶುಂಠಿ, ಬೋರೆ ಜಾತಿಯ ಹಣ್ಣು, ಜಿನ್ಸೆಂಗ್, ಜ್ಯೇಷ್ಠಮಧು, ಜೊತೆಗೆ ಬುಪ್ಲೂರಮ್, ಸ್ಕುಟೆಲೇರಿಯಾ, ಪಿನೆಲಿಯಾ ಎಂಬ ಮೂರು ಮೂಲಿಕೆ, ಒಟ್ಟು ಏಳು ಸಾಮಗ್ರಿ. "ಬೇರು-ನಾರಿಗೆ ಅಡ್ಡಪರಿಣಾಮ ಇರುವುದಿಲ್ಲ" ಎನ್ನುವವರು ಈ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು.

ಜಪಾನಿನ ಯಕೃತ್ತಿನ ತಜ್ಞರು ಇದನ್ನು ದೀರ್ಘಕಾಲದ ಹೆಪಟೈಟಿಸ್‌ಗೆ ಧಾರಾಳವಾಗಿ ಬರೆದುಕೊಡುತ್ತಿದ್ದರು. ಕಷಾಯವನ್ನೇ ಒಣಗಿಸಿ ಮಾಡಿದ ಹರಳು, ದಿನಕ್ಕೆ 7.5 ಗ್ರಾಂ, ವಿಮೆಯ ಹಣದಲ್ಲೇ. ಆಗ ಹೆಪಟೈಟಿಸ್ ಸಿ ವೈರಸ್ಸಿಗೆ ಇಂಟರ್‌ಫೆರಾನ್ ಇಂಜೆಕ್ಷನ್ ಬಂತು. ಎರಡೂ ಒಳ್ಳೆಯವೇ ತಾನೇ, ಒಟ್ಟಿಗೆ ಕೊಟ್ಟರೆ ಇನ್ನೂ ಒಳ್ಳೆಯದು ಎಂದು ಕೊಟ್ಟರು. ಜಪಾನಿನದೇ ಒಂದು ಲೆಕ್ಕದ ಪ್ರಕಾರ ಇಂಟರ್‌ಫೆರಾನ್ ಮಾತ್ರ ಪಡೆದವರಲ್ಲಿ ಈ ಶ್ವಾಸಕೋಶದ ತೊಂದರೆ ಶೇ. 0.5, ಕಷಾಯ ಮಾತ್ರ ಕುಡಿದವರಲ್ಲಿ ಶೇ. 0.7, ಎರಡೂ ಪಡೆದವರಲ್ಲಿ ಶೇ. 4. ಬರೀ ಕೂಡಿದ್ದರೆ 1.2 ಆಗಬೇಕಿತ್ತು. 1994ರಲ್ಲೇ ಈ ಜೋಡಿಯನ್ನು ನಿಷೇಧಿಸಿದರು. ಆಮೇಲೂ ಕಾಯಿಲೆ ಬಿದ್ದ ಆ 88 ಮಂದಿಯಲ್ಲಿ ಕಷಾಯವನ್ನಷ್ಟೇ ಕುಡಿದವರೂ ಇದ್ದರು. ತೊಂದರೆ ಶುರುವಾಗುವುದು ಜ್ವರ, ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರಿನಿಂದ. ಇಂಟರ್‌ಫೆರಾನ್ ತಾನೇ ಜ್ವರ ಬರಿಸುವ ಮದ್ದಾದ್ದರಿಂದ ಈ ಮೊದಲ ಸುಳಿವು ಕೈತಪ್ಪುವುದು ಬಹಳ ಸುಲಭ.

ಎರಡನ್ನೂ ಒಟ್ಟಿಗೆ ಕೊಡಬಹುದೆನ್ನುವ ಎದುರು ಪಕ್ಷದ ಸಾಕ್ಷಿಯನ್ನೂ ನೋಡೋಣ. 2009ರ ಎಚ್1ಎನ್1 ಜ್ವರದ ವೇಳೆ ಚೀನಾದ 4 ಪ್ರಾಂತ್ಯಗಳ 11 ಆಸ್ಪತ್ರೆಗಳಲ್ಲಿ 410 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಒಸೆಲ್ಟಾಮಿವಿರ್ ಎಂಬ ಫ್ಲೂ ವೈರಸ್ ತಡೆಯುವ ಮದ್ದು, 75 ಮಿಲಿಗ್ರಾಂ, ದಿನಕ್ಕೆರಡು ಸಲ. ಇನ್ನೊಂದಕ್ಕೆ 12 ಸಾಮಗ್ರಿಗಳ ಕಷಾಯ, 200 ಮಿ.ಲೀ., ದಿನಕ್ಕೆ ನಾಲ್ಕು ಸಲ. ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಯಾವುದೂ ಇಲ್ಲ. ಜ್ವರ ಇಳಿಯಲು ಹಿಡಿದ ಸಮಯ ಇದೇ ಕ್ರಮದಲ್ಲಿ 20, 16, 15, 26 ಗಂಟೆ. ಫಲಿತಾಂಶ 2011ರಲ್ಲಿ ಪ್ರಕಟವಾದಾಗ ಎಲ್ಲರೂ ಎತ್ತಿ ಹಿಡಿದದ್ದು 20 ಮತ್ತು 15ರ ಅಂತರವನ್ನು. ನನ್ನ ಕಣ್ಣು ಹೋಗುವುದು 16 ಮತ್ತು 15ರ ಮೇಲೆ. ಕಷಾಯಕ್ಕೆ ಮಾತ್ರೆ ಸೇರಿಸಿ ಗಳಿಸಿದ್ದು ಒಂದೇ ಗಂಟೆ! ಸುಳ್ಳು ಕಷಾಯ ಕೊಟ್ಟ ಗುಂಪು ಇರಲಿಲ್ಲ, ತಾವೇನು ಕುಡಿಯುತ್ತಿದ್ದೇವೆಂದು ರೋಗಿಗಳಿಗೆ ಗೊತ್ತಿತ್ತು. ಎಲ್ಲರದ್ದೂ ಸೌಮ್ಯ ಜ್ವರ. ವೈರಸ್ ಬೇಗ ಹೋಯಿತೇ ಎಂದು ಹೇಳುವಷ್ಟು ಮಾಹಿತಿ ಉಳಿದಿರಲಿಲ್ಲ. ಅದನ್ನು ಸಂಶೋಧಕರೇ ಬರೆದಿದ್ದಾರೆ.

ಆ ಮಡಕೆಯೊಳಗೆ ಇಣುಕಿದರೆ ಸ್ವಾರಸ್ಯ ಇನ್ನೂ ಇದೆ. 30 ಗ್ರಾಂ ಜಿಪ್ಸಮ್ ಹಾಕುತ್ತಾರೆ, ಒಂದು ಲೀಟರ್ ನೀರಿನಲ್ಲಿ ಕರಗುವುದು ಎರಡು ಗ್ರಾಂ ಚಿಲ್ಲರೆ. ಚಿಂಗ್‌ಹಾವ್ ಎಂಬ ಸೊಪ್ಪು ಹಾಕುತ್ತಾರೆ; ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ ಮಲೇರಿಯಾ ಮದ್ದಿಗಾಗಿ 2015ರ ನೊಬೆಲ್ ತಂದ ಗಿಡ ಅದು. ಚೀನೀ ವೈದ್ಯಪದ್ಧತಿಗೇ ನೊಬೆಲ್ ಬಂತು ಎಂದು ವಾದಿಸುವವರು ಮರೆಯುವ ಸಂಗತಿ: ಈ ಸೊಪ್ಪಿನ ಮಲೇರಿಯಾ ತಡೆಯುವ ಗುಣ ಕುದಿಸಿದರೆ ಹೆಚ್ಚು ಉಳಿಯುವುದಿಲ್ಲ. ನಾಲ್ಕನೇ ಶತಮಾನದ ಚೀನೀ ವೈದ್ಯ ಗೆ ಹೋಂಗ್ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಎಂದು ಬರೆದಿದ್ದ. ಅದನ್ನೋದಿದ ತು, 1971ರಲ್ಲಿ 35 ಡಿಗ್ರಿಗೇ ಕುದಿಯುವ ಈಥರ್‌ನಿಂದ ಸಾರ ತೆಗೆದರು. ಇನ್ನು ಮಾಹ್ವಾಂಗ್, ಅಂದರೆ ಎಫೆಡ್ರಾ ಕಡ್ಡಿ, 6 ಗ್ರಾಂ. ಅದರಲ್ಲಿ ಶೇ. 1 ಎಫೆಡ್ರಿನ್ ವರ್ಗದ ಕ್ಷಾರ ಎಂದು ಹಿಡಿದರೂ ದಿನಕ್ಕೆ 60 ಮಿಲಿಗ್ರಾಂ. ಮೂಗು ಕಟ್ಟಿದ್ದಕ್ಕೆ ಫಿನೈಲೆಫ್ರಿನ್ ಇರುವ ನೆಗಡಿ ಮಾತ್ರೆಯನ್ನೂ ನುಂಗಿದರೆ ರಕ್ತನಾಳ ಬಿಗಿಸುವ ಎರಡು ಮದ್ದು ಏಕಕಾಲಕ್ಕೆ ಒಳಗೆ ಸೇರಿದಂತೆ.

ಆದರೆ ನಿಜವಾದ ಕಿತಾಪತಿಗಾರ ಜ್ಯೇಷ್ಠಮಧು. ನಮ್ಮ ಗ್ರಂಧಿಗೆ ಅಂಗಡಿಗಳಲ್ಲೂ ಸಿಗುವ, ಗಂಟಲು ಕೆರೆತಕ್ಕೆ ಅಗಿಯುವ ಅದೇ ಬೇರು. ಇದರ ಗ್ಲಿಸರೈಝಿನ್ ಸಾರ್ಸ್ ವೈರಸ್ಸನ್ನು ತಡೆಯುತ್ತದೆಂದು 2003ರಲ್ಲಿ ಫ್ರಾಂಕ್‌ಫರ್ಟ್‌ನ ಪ್ರಯೋಗಾಲಯ ತೋರಿಸಿತು. ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ, ಲೀಟರಿಗೆ 300 ಮಿಲಿಗ್ರಾಂ ಬೆರೆಸಿದಾಗ. ಬಾಯಿಂದ ಕುಡಿದದ್ದು ರಕ್ತದಲ್ಲಿ ಹಾಗೆಯೇ ಸಿಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಗ್ಲಿಸರೆಟಿನಿಕ್ ಆಮ್ಲ ಮಾಡಿಬಿಡುತ್ತವೆ. ತಂಟೆ ಶುರುವಾಗುವುದು ಇಲ್ಲಿಂದ.

ಮೂತ್ರಪಿಂಡದಲ್ಲಿ ಉಪ್ಪು ಹಿಡಿದಿಡು ಎಂಬ ಆಜ್ಞೆ ಪಡೆಯುವ ಗ್ರಾಹಕವೊಂದಿದೆ. ಅದು ಆಲ್ಡೋಸ್ಟೆರಾನ್ ಹಾರ್ಮೋನಿಗೆ ಮೀಸಲು, ಆದರೆ ಕಾರ್ಟಿಸಾಲ್ ಕೂಡ ಅದಕ್ಕೆ ಅಷ್ಟೇ ಸಲೀಸಾಗಿ ಹೊಂದಿಕೊಳ್ಳುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ನೂರಾರು ಪಟ್ಟು ಹೆಚ್ಚು. ಹಾಗಿದ್ದರೂ ಅನಾಹುತವಾಗದಿರುವುದು ಒಂದು ಕಿಣ್ವದಿಂದ: ಬಾಗಿಲಲ್ಲಿ ನಿಂತ ಕಾವಲುಗಾರನಂತೆ ಅದು ಬಂದ ಕಾರ್ಟಿಸಾಲನ್ನೆಲ್ಲ ನಿಷ್ಕ್ರಿಯ ಕಾರ್ಟಿಸೋನ್ ಮಾಡಿ ಕಳಿಸುತ್ತಿರುತ್ತದೆ. ಗ್ಲಿಸರೆಟಿನಿಕ್ ಆಮ್ಲ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸೋಡಿಯಂ, ನೀರು ಒಳಗೇ ಉಳಿಯುತ್ತವೆ, ಪೊಟ್ಯಾಸಿಯಂ ಮೂತ್ರದಲ್ಲಿ ಸೋರುತ್ತದೆ, ಬಿಪಿ ಏರುತ್ತದೆ.

ಈಗ ವೈರಲ್ ನ್ಯುಮೋನಿಯಾದ ರೋಗಿಯ ಚೀಟಿ ನೋಡಿ. ಸ್ಟೀರಾಯ್ಡ್ ಇದ್ದರೆ ಅದೂ ಪೊಟ್ಯಾಸಿಯಂ ಇಳಿಸುವಂಥದ್ದೇ. ಮೂತ್ರ ಹೆಚ್ಚಿಸುವ ಫ್ಯೂರೋಸಿಮೈಡ್ ಇದ್ದರೆ ಇನ್ನಷ್ಟು. ಲಿಯಾನ್‌ಹುವಾ ಚಿಂಗ್‌ವೆನ್ ಎಂಬ ಚೀನೀ ಮೂಲಿಕೆ ಕ್ಯಾಪ್ಸೂಲಿನಂತೆ ಕಷಾಯದಲ್ಲಿ ಜ್ಯೇಷ್ಠಮಧುವಿನ ಜೊತೆ ರೇವಲ್‌ಚೀನಿ ಬೇರೂ ಇದ್ದರೆ ಭೇದಿಯಲ್ಲಿ ಮತ್ತಷ್ಟು. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5 ಮಿಲಿಮೋಲ್‌ಗಿಂತ ಕೆಳಗಿಳಿದಂತೆ ಕಾಲುಗಳಲ್ಲಿ ತ್ರಾಣ ತಪ್ಪಿ ಹೃದಯದ ಲಯ ಕೆಡುತ್ತದೆ. ಹೃದಯದ ಮದ್ದಾದ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗಂತೂ ಜೀವಕ್ಕೇ ಅಪಾಯ. ಸುಸ್ತು ವೈರಸ್ಸಿನದ್ದೇ ಇರಬೇಕು ಎಂದು ಮನೆಯವರು ಇನ್ನೊಂದು ಲೋಟ ಕಷಾಯ ಕೊಡುತ್ತಾರೆ.

ಮಾತ್ರೆಗೂ ಕಷಾಯಕ್ಕೂ ಒಂದು ಗಂಟೆ ಅಂತರ ಬಿಟ್ಟರಾಯಿತು ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಹೊಟ್ಟೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುವ ಮದ್ದುಗಳಿಗಷ್ಟೇ ಅದು ಸರಿ. ಮೂತ್ರಪಿಂಡದ ಕಿಣ್ವಕ್ಕೆ ಗಡಿಯಾರದ ಹಂಗಿಲ್ಲ. ಜ್ಯೇಷ್ಠಮಧು ನಿಲ್ಲಿಸಿದ ಮೇಲೂ ಪರಿಣಾಮ ಒಂದೆರಡು ವಾರ ಉಳಿಯಬಹುದು. ಎರಡನ್ನೂ ತೆಗೆದುಕೊಳ್ಳಲೇಬೇಕೆಂದು ನಿರ್ಧರಿಸಿದವರು ಕಷಾಯದ ಪೊಟ್ಟಣವನ್ನೇ ಡಾಕ್ಟರ ಮುಂದಿಡಬೇಕು, ದಿನಾ ಬಿಪಿ ನೋಡಿಸಿಕೊಳ್ಳಬೇಕು. ಪೊಟ್ಯಾಸಿಯಂ ಪರೀಕ್ಷೆಯನ್ನು ಶುರುವಿನಲ್ಲೊಮ್ಮೆ ಮಾಡಿಸಿ ಕೈಬಿಡದೆ, ಕಷಾಯ ನಿಲ್ಲಿಸಿದ ಮುಂದಿನ ವಾರವೂ ಮಾಡಿಸಬೇಕು.